ಚೆನ್ನುವಿನ ಬಲಗೈ

ಬೆಟ್ಟಂಪಾಡಿಯಲ್ಲಿ ನಮ್ಮ ಸುತ್ತಮುತ್ತ ಯಾರಿಗೆ ಮಗು ಹುಟ್ಟಿದರೂ ಮೀಯಿಸಲು ಚೆನ್ನುವೇ ಹೋಗಬೇಕು. ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ಯುತ್ತಿದ್ದಳು. ಉಳಿದ ಹೊತ್ತು ಬೀಡಿ ಕಟ್ಟುತ್ತಿದ್ದಳು. ಗಂಡ ಸತ್ತ ಮೇಲೆ ಅವಳು ಬಾಯಿ ತುಂಬ ನಕ್ಕದ್ದು ಸೊಸೆ ಸುಪ್ರಿತಾಳಿಗೆ ಹೆಣ್ಣು ಮಗು ಹುಟ್ಟಿದಾಗಲೇ. ಆ ಮಗುವಿನ ಸ್ನಾನಕ್ಕೆ ಬೇರೆ ಯಾರನ್ನೂ ಬಿಟ್ಟವಳಲ್ಲ.

ಮಳೆಗಾಲದಲ್ಲಿ ಒಂದು ದಿನ ನಾನು ಅವಳ ಒಲೆಯ ಹತ್ತಿರ ಕುಳಿತಿದ್ದೆ. ಅವಳು ಬಲಗೈಯಲ್ಲಿ ಕಾವಲಿ ಇಳಿಸುತ್ತಿದ್ದಳು. ಚರ್ಮ ಸುಟ್ಟ ವಾಸನೆ ಬಂತು. ಅವಳು ಕಾವಲಿ ಬಿಡಲಿಲ್ಲ. ನಾನೇ ಕೈ ಎಳೆದೆ.

"ಗೊತ್ತಾಗುದಿಲ್ಲ ಅಕ್ಕ," ಎಂದು ಮೊಣಕೈಯ ಕೆಳಗೆ ಬಿಳಿಚಿದ ಕಲೆ ತೋರಿಸಿದಳು. "ಕುಷ್ಠ ಅಂತ ಆದ್ರೆ ಮಗುವನ್ನು ಮುಟ್ಲಿಕ್ಕೆ ಬಿಡ್ತಾರಾ? ಯಾರಿಗೂ ಹೇಳ್ಬೇಡಿ."

ಮಾತ್ರೆಯಲ್ಲಿ ಗುಣವಾಗುತ್ತದೆ ಎಂದು ಎಷ್ಟು ಹೇಳಿದರೂ ಆಸ್ಪತ್ರೆಗೆ ಬರಲಿಲ್ಲ. ಅಂದಿನಿಂದ ಸ್ನಾನದ ನೀರನ್ನು ಚೊಂಬಿನಲ್ಲಿ ಎತ್ತಿ, ಕೆನ್ನೆಗೆ ತಾಗಿಸಿ ಬಿಸಿ ನೋಡತೊಡಗಿದಳು. ಅದೂ ಸುಪ್ರಿತಾ ಆಚೆ ಇದ್ದಾಗ.

ದಸರಾ ರಜೆಯಲ್ಲಿ ಸುಪ್ರಿತಾಳ ದೊಡ್ಡ ಮಗ ದಿಶಾಂತನ ಹಟಕ್ಕೆ ಎಲ್ಲರೂ ದರ್ಬೆ ಪೇಟೆಗೆ ಹೊರಟರು. ಅಲ್ಲಿ ಹೊಸದಾಗಿ ಮಕ್ಕಳ ಮ್ಯೂಸಿಯಂ ಆಗಿತ್ತು. ಇಟ್ಟದ್ದನ್ನೆಲ್ಲ ಮುಟ್ಟಬಹುದು, ತಿರುಗಿಸಬಹುದು. ಚೆನ್ನು ನನ್ನನ್ನೂ ಎಳೆದುಕೊಂಡು ಹೋದಳು.

ಸೊಟ್ಟ ಕನ್ನಡಿಯ ಎದುರು ಸುಪ್ರಿತಾ, "ನೋಡಿ ಅತ್ತೆ, ಪುನಃ ಬಸುರಿಯ ಹಾಗೆ ಕಾಣ್ತೇನೆ!" ಎಂದು ನಕ್ಕಳು.

"ಅಷ್ಟು ಅವಸರ ಎಂತದು ಮಾರಾಯ್ತಿ, ಇದು ನಡೀಲಿ ಮೊದಲು," ಎಂದಳು ಚೆನ್ನು, ಎಡಗೈಯಲ್ಲಿದ್ದ ಮಗುವನ್ನು ಕುಣಿಸುತ್ತ.

ಮುಂದೆ ತೂತಿದ್ದ ಮರದ ಪೆಟ್ಟಿಗೆ ಇತ್ತು. ಕೈ ಹಾಕಿ, ಒಳಗಿನದ್ದು ಏನೆಂದು ಹೇಳಬೇಕು. ದಿಶಾಂತ್ ತೆಂಗಿನ ಗೆರಟೆಯನ್ನು ಸರಿಯಾಗಿ ಹೇಳಿದ. ಅಲ್ಲಿ ನಿಂತಿದ್ದ ಹುಡುಗಿ ಒಳಗಿನ ವಸ್ತು ಬದಲಿಸಿದಳು.

"ಈಗ ಅಜ್ಜಿ!"

"ನಂಗೆ ಬೇಡ ಮಗಾ."

"ಅಜ್ಜಿಗೆ ಹೆದರಿಕೆ! ಅಜ್ಜಿಗೆ ಹೆದರಿಕೆ!"

"ಒಳಗೆ ಹಾವಿಲ್ಲ, ಹಾಕಿ ಅತ್ತೆ," ಎಂದಳು ಸುಪ್ರಿತಾ.

ಚೆನ್ನು ಬಲಗೈ ಹಾಕಿದಳು. ತುಂಬ ಹೊತ್ತು ತಡಕಾಡಿದಳು.

"ಕಲ್ಲು," ಎಂದಳು.

ಹುಡುಗಿ ಮುಚ್ಚಳ ತೆಗೆದಳು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿದ ಐಸಿನ ಗಡ್ಡೆ.

ದಿಶಾಂತ್ ಬಿದ್ದು ಬಿದ್ದು ನಕ್ಕ. ಸುಪ್ರಿತಾ ನಗಲಿಲ್ಲ. ಅತ್ತೆಯ ಒದ್ದೆ ಕೈಯನ್ನೂ ಅದರ ಸುಟ್ಟ ಗಾಯದ ಗುರುತನ್ನೂ ನೋಡಿದಳು.

"ತಣ್ಣಗೆ ಆಗ್ಲಿಲ್ವಾ ಅತ್ತೆ?"

"ಆಯ್ತು."

"ಮತ್ತೆ ಕಲ್ಲು ಅಂತ ಯಾಕೆ ಹೇಳಿದ್ದು? ಮಗುವಿನ ನೀರು ಯಾವ ಕೈಯಲ್ಲಿ ನೋಡುದು ನೀವು?"

"ಕೆನ್ನೆಯಲ್ಲಿ."

ಬಾಯಿಂದ ಜಾರಿದ ಮಾತನ್ನು ಚೆನ್ನುವಿಗೆ ಹಿಂದೆ ತೆಗೆದುಕೊಳ್ಳಲಾಗಲಿಲ್ಲ. ಸುಪ್ರಿತಾ ಮಗುವನ್ನು ಕಿತ್ತುಕೊಂಡು, ಬೆಂಚಿನ ಮೇಲೆ ಮಲಗಿಸಿ, ಅಂಗಿ ಬಿಚ್ಚಿ, ನೆತ್ತಿಯಿಂದ ಪಾದದವರೆಗೆ ನೋಡಿದಳು. ಎಲ್ಲೂ ಒಂದು ಕೆಂಪು ಗುರುತೂ ಇರಲಿಲ್ಲ.

"ಒಂದು ದಿನವೂ ಸುಡ್ಲಿಲ್ಲ ಮಗಾ, ದೇವರಾಣೆ," ಎನ್ನುತ್ತ ಚೆನ್ನು ತಾನೇ ಕಲೆ ತೋರಿಸಿದಳು.

ಅದನ್ನು ನೋಡಿ ಸುಪ್ರಿತಾಳ ಸ್ವರ ಸಣ್ಣದಾಯಿತು. "ನಾಳೆ ಆಸ್ಪತ್ರೆಗೆ ಹೋಗುದು. ನಾನೇ ಕರ್ಕೊಂಡು ಹೋಗ್ತೇನೆ."

"ಬರ್ತೇನೆ. ಮಗುವನ್ನು...?"

ಸುಪ್ರಿತಾ ಮಗುವಿಗೆ ಅಂಗಿ ಹಾಕಿ, ಎತ್ತಿಕೊಂಡು ಬಾಗಿಲ ಕಡೆ ನಡೆದಳು.

ಬಸ್ಸಿನಲ್ಲಿ ಚೆನ್ನು ಸುಪ್ರಿತಾಳ ಹಿಂದಿನ ಸೀಟಿನಲ್ಲಿ, ನನ್ನ ಪಕ್ಕ ಕುಳಿತಳು. ಮಗು ತಾಯಿಯ ಹೆಗಲ ಮೇಲಿಂದ ಅವಳತ್ತ ಎರಡೂ ಕೈ ಚಾಚಿತು. ಚೆನ್ನು ತನ್ನ ಕೈಗಳನ್ನು ಸೆರಗಿನೊಳಗೆ ಸೇರಿಸಿ ಕಿಟಕಿಯ ಕಡೆ ತಿರುಗಿದಳು. ಮಗು ಅಳತೊಡಗಿತು. ಸುಪ್ರಿತಾ ಅದನ್ನು ಹಿಂದಕ್ಕೆ ಕೊಡಲೂ ಇಲ್ಲ, ಮುಂದಕ್ಕೆ ತಿರುಗಿಸಲೂ ಇಲ್ಲ. ಬೆಟ್ಟಂಪಾಡಿಯಲ್ಲಿ ಇಳಿಯುವವರೆಗೂ ಅದು ಕೈ ಚಾಚಿಕೊಂಡೇ ಅತ್ತಿತು.