ಈರುಳ್ಳಿಯ ಮೇಲೆ ಕೆತ್ತಿದ ಎಲೆ

ಊರಂಚಿನ ಬೋಪಾಲ್ ಬಡಾವಣೆಯ ಈ ಮನೆಯ ಅಡುಗೆಕಟ್ಟೆ ಒಡೆದು ಹೊಸದಾಗಿ ಮಾಡಿಸುತ್ತಿದ್ದೇವೆ. ಮೊನ್ನೆ ಮೇಲಿನ ಕಪಾಟು ಖಾಲಿ ಮಾಡುವಾಗ ಹಳೆಯ ಡಬ್ಬಿಯೊಂದರಲ್ಲಿ, ರಬ್ಬರ್ ಬ್ಯಾಂಡು, ದೀಪದ ಬತ್ತಿಗಳ ಅಡಿಯಲ್ಲಿ, ಒಂದು ಖಾಲಿ ಪ್ಯಾಕೆಟ್ಟು ಸಿಕ್ಕಿತು. ನನ್ನ ಹುಳಿಪುಡಿಯದು. ಬಾಯಿ ಅಗಲಿಸಿ ಮೂಗಿಗೆ ಹಿಡಿದೆ. ಮೊದಲು ಇಂಗು ಬಂತು, ಹಿಂದೆಯೇ ಹುರಿದ ಕೊತ್ತಂಬರಿ ಬೀಜ, ಎಲ್ಲಕ್ಕಿಂತ ಹಿಂದೆ ಸಣ್ಣಗೆ ಶಾಯಿಯ ಘಾಟು... ಇಷ್ಟು ವರ್ಷ ವಾಸನೆ ಉಳಿದಿರಲಿಕ್ಕಿಲ್ಲ, ನನ್ನ ಮೂಗಿನ ನೆನಪೇ ಇರಬೇಕು. ಪ್ಯಾಕೆಟ್ಟಿನ ಮೇಲೆ ಸ್ಟೀಲ್ ಬಟ್ಟಲು ತುಂಬ ಹುಳಿ, ಅದರಲ್ಲಿ ತೇಲುವ ಕರಿಬೇವಿನ ಎಲೆ. ಎಲೆಯ ತುದಿ ಒಂದಿಷ್ಟು ಬಾಗಿದೆ. ಆ ಬಾಗಿದ ತುದಿ ನೋಡಿ, ಕೆಲಸ ಅಲ್ಲಿಗೇ ಬಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ. ಸಿಲಿಂಡರ್ ಕಾಕಾ ನೆನಪಾದರು.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾವು ಇದೇ ಊರಿನ ವಸ್ತ್ರಾಪುರದಲ್ಲಿದ್ದೆವು. ನಮ್ಮವರದು ಬ್ಯಾಂಕಿನ ಕೆಲಸ, ವರ್ಗವಾಗಿ ಇಲ್ಲಿಗೆ ಬಂದವರು. ನಾನು ಮನೆಯಲ್ಲಿ ಹುಳಿಪುಡಿ ಮಾಡಿ ನಮ್ಮ ಕಡೆಯ ನಾಲ್ಕಾರು ಕನ್ನಡ ಮನೆಗಳಿಗೆ ಕೊಡುತ್ತಿದ್ದೆ. ಅದರ ಘಮ ಮೆಟ್ಟಿಲು ಹತ್ತಿ ಮೇಲ್ಮನೆಯ ಮಾಸಿಯವರೆಗೆ ಹೋಯಿತು. ಮಾಸಿ ಜೈನರು, ಎಪ್ಪತ್ತರ ಹತ್ತಿರದವರು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಯಾವುದೂ ಅವರ ಹೊಸ್ತಿಲು ದಾಟುವಂತಿಲ್ಲ. ನಮ್ಮ ಈರುಳ್ಳಿ ಬುಟ್ಟಿ ಬಾಲ್ಕನಿಯಲ್ಲಿ ಇರುತ್ತದೆ ಎನ್ನುವುದೂ ಅವರಿಗೆ ಗೊತ್ತಿತ್ತು. ಆದ್ದರಿಂದ ಒಂದು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ನನ್ನ ಅಡುಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ನಾನು ಹುರಿಯುವುದು, ಪುಡಿ ಮಾಡುವುದು ಎಲ್ಲ ಕಣ್ಣಾರೆ ನೋಡಿದರು. ಆಮೇಲೆ ತಮ್ಮ ಮಹಿಳಾ ಮಂಡಲಿಯಲ್ಲಿ ನಿಂತು, "ಇದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಏನೂ ಇಲ್ಲ, ಮಾತು ನನ್ನದು" ಎಂದರು. ಮಂಡಲಿಯವರು ಮನೆಮನೆಗೆ ಮಾರಲು ಒಪ್ಪಿದರು. ಆದರೆ ಪಿನ್ನು ಹೊಡೆದ ಬಿಳಿ ಕವರಿನಲ್ಲಿ ಬೇಡ, ಅಂಗಡಿಯ ಹಾಗೆ ಛಾಪಿಸಿದ ಪ್ಯಾಕೆಟ್ಟಿರಲಿ ಎಂದರು.

ಹಾಗಾಗಿ ನಾವು ನರೋಡಾ ಕಡೆಯ ಒಂದು ಪ್ರೆಸ್ಸಿಗೆ ಹೋದೆವು. ಪ್ಲಾಸ್ಟಿಕ್ ಹಾಳೆಯ ಮೇಲೆ ಬಣ್ಣ ಹೇಗೆ ಕೂರುತ್ತದೆ ಎಂದು ನನಗೆ ತಿಳಿದದ್ದು ಅಲ್ಲಿಯೇ. ಒಂದೊಂದು ಬಣ್ಣಕ್ಕೂ ಒಂದೊಂದು ಉರುಳೆ, ಒಳಗೆ ಕಬ್ಬಿಣ, ಮೇಲೆ ತಾಮ್ರ. ತಾಮ್ರದ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು. ಗುಳಿ ಆಳವಾದಷ್ಟೂ ಶಾಯಿ ಹೆಚ್ಚು ಹಿಡಿಯುತ್ತದೆ, ಬಣ್ಣ ಗಾಢವಾಗುತ್ತದೆ. ಈ ಉರುಳೆಗಳಿಗೆ ಅಲ್ಲಿ ಸಿಲಿಂಡರ್ ಎನ್ನುತ್ತಿದ್ದರು, ಅವುಗಳ ಉಸ್ತುವಾರಿ ಕಾಕಾ ಅವರದು. ತೆಳ್ಳನೆಯ ಮೈ, ದಪ್ಪ ಕನ್ನಡಕ, ಕಿಸೆಯಲ್ಲಿ ಒಂದು ಭೂತಗನ್ನಡಿ. ಮೊದಲು ಬಟ್ಟೆ ಗಿರಣಿಯಲ್ಲಿ ಸೀರೆಯ ಹೂಬಳ್ಳಿಗಳನ್ನು ತಾಮ್ರದ ಉರುಳೆಗಳ ಮೇಲೆ ಕೈಯಿಂದ ಕೆತ್ತುತ್ತಿದ್ದವರಂತೆ. ಗಿರಣಿ ಮುಚ್ಚಿತು, ಇಲ್ಲಿಗೆ ಬಂದರು. ಅವರೂ ಜೈನರೇ. ಸೂರ್ಯ ಮುಳುಗುವ ಮೊದಲೇ ಊಟದ ಡಬ್ಬಿ ಬಿಚ್ಚುತ್ತಿದ್ದರು. ಆದರೆ ಆ ಪ್ರೆಸ್ಸಿನಲ್ಲಿ ಹೆಚ್ಚು ಛಾಪಾಗುತ್ತಿದ್ದದ್ದು ಆಲೂಗಡ್ಡೆ ವೇಫರಿನ ಪೊಟ್ಟಣ! "ಆಲೂ ಬಣ್ಣ ಕೇಳಿ ಬೆಹನ್, ಕಣ್ಣು ಮುಚ್ಚಿ ಹೇಳ್ತೀನಿ. ರುಚಿ ಮಾತ್ರ ಕೇಳಬೇಡಿ" ಎಂದು ನಗುತ್ತಿದ್ದರು.

ಪ್ಯಾಕೆಟ್ಟಿನ ಚಿತ್ರಕ್ಕೆ ನಮ್ಮವರು ಪರಿಚಯದ ಉಡುಪಿ ಹೋಟೆಲಿನಲ್ಲಿ ಒಂದು ಬಟ್ಟಲು ಸಾಂಬಾರಿನ ಫೋಟೊ ತೆಗೆಸಿದ್ದರು. ಬಹಳ ಚೆಂದ ಬಂದಿತ್ತು. ಇಬ್ಬರೂ ದಿನಕ್ಕೆ ಹತ್ತು ಸಲ ನೋಡಿ, ಒಪ್ಪಿ, ಸಹಿ ಹಾಕಿ ಕೊಟ್ಟಿದ್ದೆವು. ಸಿಲಿಂಡರುಗಳೂ ತಯಾರಾದವು. ಇನ್ನೊಂದು ಸಲ ಮಾಡಿಸುತ್ತೇವೆಂದರೆ ನಮ್ಮ ಕೈಲಾಗುವ ಮಾತಲ್ಲ.

ಕಾಕಾ ಅವರದೊಂದು ಪದ್ಧತಿ ಇತ್ತು. ತಿನ್ನುವ ಪದಾರ್ಥ ಯಾವುದೇ ಇರಲಿ, ನಿಜವಾದದ್ದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಬಣ್ಣ ಬೆರೆಸುತ್ತಿರಲಿಲ್ಲ. "ನಿಮ್ಮ ಮನೆಯ ಸಾಂಬಾರ್ ಒಂದು ಡಬ್ಬಿ ತನ್ನಿ" ಎಂದಿದ್ದರು. ಅವರ ಎದುರು ತೆರೆಯುವುದಲ್ಲವೇ ಎಂದು ನಾನು ಬರೀ ಸಿಹಿಗುಂಬಳ ಹಾಕಿ ಹುಳಿ ಮಾಡಿ, ಎರಡು ಬಸ್ಸು ಬದಲಿಸಿ, ಚೆಲ್ಲದ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಅವರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲ ಅಚ್ಚಿನ ಹಾಳೆ ಪಕ್ಕಕ್ಕಿಟ್ಟು, ಅತ್ತ ಇತ್ತ ನೋಡಿದರು. ತುಂಬ ಹೊತ್ತು ನೋಡಿದರು.

"ಬಣ್ಣ ಸರಿಯಾಗಿದೆ ಬೆಹನ್. ಆದರೆ ಡಬ್ಬಿಯಲ್ಲಿ ಇಲ್ಲದ್ದೊಂದು ಚಿತ್ರದಲ್ಲಿದೆ."

ಅವರ ಬೆರಳು ಮೂರು ಗುಂಡನೆಯ, ಗುಲಾಬಿ ಬಣ್ಣದ ವಸ್ತುಗಳ ಮೇಲಿತ್ತು. ಸಾಂಬಾರ್ ಈರುಳ್ಳಿ. ಒಂದಲ್ಲ, ಮೂರು!

ಹಾಳೆಯನ್ನು ಕೈಗೆತ್ತಿಕೊಂಡು ನೋಡಿದೆ. ನಮ್ಮ ಕಣ್ಣಿಗೆ ಅದು ಈರುಳ್ಳಿ ಅಂತ ಬಿದ್ದೇ ಇರಲಿಲ್ಲ. ಉಪ್ಪಿದ್ದ ಹಾಗೆ, ಹುಳಿ ಅಂದಮೇಲೆ ಅದೂ ಇರುತ್ತದೆ, ಅಷ್ಟೇ. ಮಾಸಿ ಮುಖ ಕಣ್ಣ ಮುಂದೆ ಬಂತು. ನನ್ನ ಪುಡಿ ಮಾರಾಟವಾಗದಿದ್ದರೆ ಹೋಗಲಿ, ನನ್ನ ಪರವಾಗಿ ನಿಂತು ಮಾತು ಕೊಟ್ಟ ಆ ಹಿರಿಯ ಜೀವ ಮಂಡಲಿಯಲ್ಲಿ ತಲೆ ತಗ್ಗಿಸಬೇಕಾಗುತ್ತದಲ್ಲ...

ಸಂಜೆ ಮನೆಯಲ್ಲಿ ನಮ್ಮವರು ಕನ್ನಡಕ ಏರಿಸಿ ಇಳಿಸಿ ಹಾಳೆ ನೋಡಿದರು. "ಅಯ್ಯೋ, ಹೌದಲ್ಲೇ! ಹೋಗಲಿ, ಬದನೆಕಾಯಿ ಅಂದರಾಯ್ತು ಬಿಡು."

"ಮಾಸಿ ಮುಂದೆ ನೀವೇ ಹೇಳಿ ನೋಡೋಣ" ಎಂದೆ.

ಮಾರನೆಯ ದಿನ ಮತ್ತೆ ಪ್ರೆಸ್ಸಿಗೆ ಹೋದೆ. ತಪ್ಪು ನಮ್ಮದು, ಸಹಿಯೂ ನಮ್ಮದು. ಕಾಕಾ ಬೇಕಿದ್ದರೆ ಹಾಗೇ ಛಾಪಿಸಿ ಕೈತೊಳೆದುಕೊಳ್ಳಬಹುದಿತ್ತು. ಅವರು, "ತಾಮ್ರದಲ್ಲಿ ಕೆತ್ತಿದ್ದನ್ನ ತೆಗೆಯೋದು ಕಷ್ಟ ಬೆಹನ್. ಅದರ ಮೇಲೆ ಇನ್ನೂ ಆಳ ಕೆತ್ತಿ, ಗಾಢ ಬಣ್ಣದಲ್ಲಿ ಮುಚ್ಚಬಹುದು. ನಿಮ್ಮ ಸಾಂಬಾರಿಗೆ ಯಾವ ಸೊಪ್ಪು ಹಾಕ್ತೀರಿ?" ಎಂದು ಕೇಳಿದರು. ಕರಿಬೇವು ಎಂದೆ. ಎದ್ದು ಹೋಗಿ ತಮ್ಮ ಚೀಲದಿಂದ ಹಳೆಯ ಕನ್ನಡಕದ ಪೆಟ್ಟಿಗೆ ತಂದರು. ಒಳಗೆ ಗಿರಣಿಯ ಕಾಲದ ಉಳಿಗಳು, ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದವು.

ಉರುಳೆಯ ಮೇಲಿನ ಹೊಳೆಯುವ ಲೇಪ ಬಿಡಿಸಿ, ಕೆತ್ತಿ, ಮತ್ತೆ ಲೇಪ ಹಾಕಿಸಬೇಕು. ಒಂದೊಂದು ಉರುಳೆಯ ಸುತ್ತ ಆರು ಚಿತ್ರ, ಒಂದೊಂದು ಚಿತ್ರದಲ್ಲಿ ಮೂರು ಈರುಳ್ಳಿ. ಗುಲಾಬಿಯ ಉರುಳೆ ಇದ್ದ ಹಾಗೆಯೇ ಬಿಟ್ಟು, ಹಳದಿ, ನೀಲಿ, ಕಪ್ಪು, ಮೂರೂ ಉರುಳೆಗಳಲ್ಲಿ ಅದೇ ಜಾಗದಲ್ಲಿ, ಒಂದು ಕೂದಲೆಳೆ ಆಚೀಚೆ ಆಗದ ಹಾಗೆ. ನಾಲ್ಕು ದಿನ ಹಿಡಿಯಿತು. ನಡುವೆ ಒಂದು ದಿನ ನೋಡಲು ಹೋದೆ. ಉರುಳೆಯನ್ನು ಮರದ ಸ್ಟ್ಯಾಂಡಿನ ಮೇಲಿಟ್ಟು, ಮಗುವನ್ನು ಮಗ್ಗುಲಾಗಿಸುವ ಹಾಗೆ ಮೆಲ್ಲಗೆ ತಿರುಗಿಸಿಕೊಳ್ಳುತ್ತ ಕೆತ್ತುತ್ತಿದ್ದರು. ನಾನು ಬಂದದ್ದೂ ಗೊತ್ತಾಗಲಿಲ್ಲ...

ಹೊಸ ಅಚ್ಚು ಬಂದಾಗ ಈರುಳ್ಳಿ ಇರಲಿಲ್ಲ. ಹಸಿರು ಎಲೆಗಳು ಒಂದರ ಮೇಲೊಂದು ತೇಲುತ್ತಿದ್ದವು. ಉಸಿರು ಬಿಟ್ಟೆ. ಆಮೇಲೆ ನನ್ನ ಬಾಯಿ ಸುಮ್ಮನಿರಬೇಕಲ್ಲ, "ಕರಿಬೇವಿನ ತುದಿ ಹೀಗೆ ಬಾಗಲ್ಲ ಕಾಕಾ" ಎಂದೆ.

"ಗಿರಣಿಯ ಕೈ ಬೆಹನ್. ನೆಟ್ಟಗಿನ ಎಲೆ ಇದಕ್ಕೆ ಬರೋದೇ ಇಲ್ಲ" ಎಂದು ನಕ್ಕರು. ಒಂದು ಎಲೆಯ ಪಕ್ಕದಲ್ಲಿ ಉಗುರಿನ ತುದಿಯಷ್ಟು ಗುಲಾಬಿ ಉಳಿದಿದ್ದನ್ನು ತಾವೇ ತೋರಿಸಿದರು. "ಇಷ್ಟು ಉಳೀತು. ಮೆಣಸಿನಕಾಯಿ ಅಂದುಕೊಳ್ತಾರೆ ಬಿಡಿ."

ಮೊದಲ ಪ್ಯಾಕೆಟ್ಟನ್ನು ಮಾಸಿಗೆ ಕೊಟ್ಟೆ. ಅವರು ಕಣ್ಣಿನ ಹತ್ತಿರ ಹಿಡಿದರು. ಬೆರಳಿನಿಂದ ಎಲೆ ಸವರಿದರು. ನನಗೋ, ಆ ಗುಲಾಬಿ ಚೂರು ಬಿಟ್ಟು ಬೇರೇನೂ ಕಾಣುತ್ತಿಲ್ಲ.

"ಈ ಎಲೆ ನನ್ನ ಸೀರೆಯಲ್ಲಿತ್ತು. ದೊಡ್ಡವನು ಹುಟ್ಟಿದಾಗ ಕೊಂಡದ್ದು, ಇಲ್ಲಿಯದೇ ಗಿರಣಿ ಸೀರೆ" ಎಂದರು.

ನನಗೆ ತಡೆಯಲಾಗಲಿಲ್ಲ. ಎಲೆಯ ಅಡಿಯಲ್ಲಿ ಏನಿದೆ, ಗಿರಣಿಯಲ್ಲಿದ್ದ ಕಾಕಾ ಅದನ್ನು ಹೇಗೆ ಮುಚ್ಚಿದರು ಎನ್ನುವುದನ್ನು ಒಂದೂ ಬಿಡದೆ ಹೇಳಿಬಿಟ್ಟೆ. ಮಾಸಿ ಪ್ಯಾಕೆಟ್ಟನ್ನು ಮತ್ತೊಮ್ಮೆ ಕಣ್ಣಿನ ಹತ್ತಿರ ಹಿಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂಥವಳೇ ನೀನು! ನಿನ್ನ ಈರುಳ್ಳಿ ಮುಚ್ಚೋಕೆ ನನ್ನ ಸೀರೆಯೇ ಬೇಕಾಯ್ತಾ?" ಒಳಗೆ ಹೋಗಿ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಗೋದಡಿಯ ಮೂಲೆ ಬಿಚ್ಚಿ, ಆ ಸೀರೆಯದೇ ಅಂಗೈಯಷ್ಟು ಬಟ್ಟೆ ಕತ್ತರಿಸಿ ತಂದರು. "ಅವರಿಗೆ ಕೊಡು. ಅವರದೇನಾ ಕೇಳು." ಪ್ಯಾಕೆಟ್ಟುಗಳು ಆ ವಾರವೇ ಮಂಡಲಿಗೆ ಹೋದವು. ಎಷ್ಟೋ ದಿನಗಳ ಮೇಲೆ ಅಂದು ನನಗೆ ಊಟ ರುಚಿಸಿತು.

ಕಾಕಾ ಆ ಚೂರನ್ನು ಭೂತಗನ್ನಡಿಯಲ್ಲಿ ನೋಡಿದರು. ಬಾಗಿದ ತುದಿ, ಥೇಟ್ ಅದೇ. "ನನ್ನದೋ, ನನ್ನ ಉಸ್ತಾದರದೋ... ಗಿರಣಿಯಲ್ಲಿ ಯಾರು ಹೆಸರು ಬರೀತಾರೆ ಬೆಹನ್?" ಎಂದರು. ಅದನ್ನು ಮಡಿಸಿ ಉಳಿಗಳ ಪೆಟ್ಟಿಗೆಯಲ್ಲಿಟ್ಟುಕೊಂಡರು. ನನಗೆ ಅಂದಿನ ಅವರ ಮುಖ ಹೇಗಿತ್ತು ಎನ್ನುವುದಕ್ಕಿಂತ, ಪೆಟ್ಟಿಗೆಯ ಮುಚ್ಚಳ ಟಪ್ಪೆಂದ ಸದ್ದೇ ಚೆನ್ನಾಗಿ ನೆನಪಿದೆ.

ಆಮೇಲೆ ನಮಗೆ ಸೂರತ್ತಿಗೆ ವರ್ಗವಾಯಿತು. ಕೆಲವು ವರ್ಷ ಬಿಟ್ಟು ಮರಳಿ ಬಂದು ಪ್ರೆಸ್ಸಿಗೆ ಹೋದರೆ, ಕೆತ್ತುವುದಕ್ಕೆ ಕಂಪ್ಯೂಟರಿನ ಯಂತ್ರ ಬಂದಿತ್ತು. ಕಾಕಾ ತೀರಿಕೊಂಡು ಒಂದು ವರ್ಷವಾಗಿತ್ತು. ನಾವಿಲ್ಲದಾಗಲೇ ಮಾಸಿಯೂ ಹೋಗಿದ್ದರು.

ಸ್ಟೂಲಿನಿಂದ ಎದ್ದು ಪ್ಯಾಕೆಟ್ಟನ್ನು ಕಿಟಕಿಗೆ ಹಿಡಿದೆ. ಬಿಸಿಲು ಹಿಂದಿನಿಂದ ಬಂದಾಗ ಎಲೆಯ ಅಡಿಯಲ್ಲಿ ಗುಂಡನೆಯ ನೆರಳೊಂದು ಮಸುಕಾಗಿ ಕಂಡಿತು. ಬದಿಯಲ್ಲಿ ಉಗುರಿನ ತುದಿಯಷ್ಟು ಗುಲಾಬಿ, ಹಾಗೆಯೇ ಇದೆ. ಅಷ್ಟು ವರ್ಷ ಅಷ್ಟು ಮನೆಗಳಿಗೆ ಹೋದರೂ ಅದೇನೆಂದು ಒಬ್ಬರೂ ಕೇಳಲಿಲ್ಲ. ಮೆಣಸಿನಕಾಯಿ ಅಂದುಕೊಂಡರೋ ಏನೋ... ಕಾಕಾ ಹೇಳಿದ ಹಾಗೆ.