ಹೆರಿಗೆ ವಾರ್ಡಿನ ಸಾಂಬ್ರಾಣಿ ಹೊಗೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಕರಿಕೆ ಎಂಬ ಹಳ್ಳಿಯ ಯಮುನ, ಪೇಟೆ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ನರ್ಸಾಗಿ ಬಂದಳು. ನಗುಮುಖದ ಹುಡುಗಿ. ಸಿಟ್ಟು ಬರುತ್ತಿದ್ದುದು ಸಾಂಬ್ರಾಣಿ ಹೊಗೆ ಕಂಡಾಗ ಮಾತ್ರ.

ಮಳೆಗಾಲದ ಚಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿರುತ್ತಿದ್ದರು. ಮಗುವಿಗೆ ನೀರೆರೆದದ್ದೇ ತಡ, ಅಜ್ಜಿಯರು ಅಡಿಗೆಮನೆಯಿಂದ ಮಡಕೆಯಲ್ಲಿ ಕೆಂಡ ತಂದು ಮಂಚದ ಪಕ್ಕದಲ್ಲೇ ಸಾಂಬ್ರಾಣಿ ಉದುರಿಸುವರು. ಎದುರು ಮಂಚವೇ ಕಾಣದಷ್ಟು ಹೊಗೆ. ಬಾಣಂತಿಯರು ಕೆಮ್ಮುವರು, ಕೂಸುಗಳು ಸೀನುವವು. ಯಮುನ ಕಿಟಕಿ ತೆರೆದರೆ ಅವರು ಮುಚ್ಚುವರು. ಮಡಕೆ ಹೊರಗಿಟ್ಟರೆ ಸೆರಗಿನ ಮರೆಯಲ್ಲಿ ಮತ್ತೆ ಒಳತರುವರು.

"ಹೊಗೆ ಹಾಕ್ದಿದ್ರೆ ಮಗೀಗೆ ಶೀತ ಆಗಲ್ವಾ? ನೀನೇನು ಹೆತ್ತಿದ್ದೀಯಾ, ನಿಂಗೆ ಗೊತ್ತಾಗಕ್ಕೆ?" ಎಂದು ಕುಶಾಲನಗರದ ಕಡೆಯ ಚಲುವಮ್ಮ ಒಮ್ಮೆ ಕೇಳಿಯೇಬಿಟ್ಟರು.

ಎರಡು ವರ್ಷ ಕಳೆದು, ಮದುವೆಯಾಗಿ, ಯಮುನ ಅದೇ ವಾರ್ಡಿನಲ್ಲಿ ಹೆಣ್ಣುಮಗು ಹೆತ್ತಳು. ಕರಿಕೆಯಿಂದ ಬಂದ ತಾಯಿ ಪೂವಮ್ಮನ ಚೀಲದಲ್ಲಿ ಮೊದಲು ಹೊರಬಿದ್ದದ್ದೇ ಸಾಂಬ್ರಾಣಿ ಪೊಟ್ಟಣ. ಕೆಂಡವೂ ಬಂತು. ಕಿರಿಮಗಳ ಬಾಣಂತನಕ್ಕೆ ಬಂದಿದ್ದ ಚಲುವಮ್ಮ ಎದುರು ಮಂಚದಲ್ಲೇ ಇದ್ದರು.

"ನರ್ಸಮ್ಮನ ತಾಯಿಗೊಂದು ಕಾನೂನು, ನಮಗೊಂದಾ?"

ವಾರ್ಡಿಗೆ ವಾರ್ಡೇ ನಕ್ಕಿತು. ಯಮುನಳಿಗೆ ಮುಖ ಎಲ್ಲಿಡುವುದೆಂದು ತೋಚಲಿಲ್ಲ. "ಅವ್ವಾ, ಇಲ್ಲಿ ಬೇಡ. ಕೂಸಿಗೆ ಉಸ್ರು ಕಟ್ಟುತ್ತೆ," ಎಂದಳು.

ಪೂವಮ್ಮ ಮಗಳನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಅಷ್ಟರಲ್ಲಿ ಪುಟ್ಟದು ಎರಡು ಸಲ ಸೀನಿತು.

"ಸರಿ. ಹೊಗೆ ಕೂಸಿಗೆ ಬೇಡ, ಅದ್ರ ಬಟ್ಟೆಗೆ ಸಾಕು," ಎಂದು ಮಡಕೆ ಎತ್ತಿಕೊಂಡು ಹಿಂದಿನ ಜಗಲಿಗೆ ನಡೆದರು. ಮಡಕೆಯ ಮೇಲೆ ಬುಟ್ಟಿ ಬೋರಲು ಹಾಕಿ, ಒಣಗದೆ ಉಳಿದಿದ್ದ ಕೂಸಿನ ಬಟ್ಟೆ ಹರಡಿದರು. ಬಟ್ಟೆ ಬೆಚ್ಚಗಾಗಿ ಘಮ್ಮೆಂದಿತು.

ಚಲುವಮ್ಮ ಬಂದು ಮೂಸಿ ನೋಡಿದರು. "ಚೆನ್ನಾಗದೆ ಕಣಕ್ಕ. ನಮ್ಮವೂ ಎರಡು ಹಾಕ್ಲಾ?"

ಸಂಜೆಯ ಹೊತ್ತಿಗೆ ಜಗಲಿಯಲ್ಲಿ ಅಜ್ಜಿಯರ ಸಂತೆ. ಎಲೆಅಡಿಕೆ ಮೆಲ್ಲುತ್ತ, ಸೊಸೆಯರನ್ನು ಬೈಯುತ್ತ, ಬಿದ್ದು ಬಿದ್ದು ನಗುತ್ತ ಕುಳಿತಿದ್ದರು. ಒಳಗೆ ಯಾರೋ ಕಿಟಕಿ ತೆರೆದರು. ಮುಚ್ಚುವವರಿರಲಿಲ್ಲ. ಮಳೆ ನಿಂತ ಮೇಲಿನ ತಂಪುಗಾಳಿ ಎಲ್ಲ ಮಂಚಗಳ ಮೇಲೂ ಹಾಯಿತು. ಬೆಚ್ಚನೆಯ ಬಟ್ಟೆ ಸುತ್ತಿದ ಮಗಳನ್ನು ಎದೆಗವಚಿ ಯಮುನ ಹಾಯಾಗಿ ಉಸಿರೆಳೆದಳು.

ಮನೆಗೆ ಹೊರಡುವ ದಿನ ಜೀಪು ಬಂದು ನಿಂತರೂ ಪೂವಮ್ಮನ ಸುಳಿವಿಲ್ಲ. ಯಮುನ ಜಗಲಿಗೇ ಹೋಗಿ ಕರೆದಳು.

"ನೀ ಹತ್ತಿ ಕೂತಿರು ಮಗಾ," ಎಂದರು ಪೂವಮ್ಮ, ಚಲುವಮ್ಮನ ಕೈಯಿಂದ ವೀಳ್ಯದೆಲೆ ಇಸಿದುಕೊಳ್ಳುತ್ತ. "ಈ ಮಾತೊಂದು ಮುಗ್ಸಿ ಬಂದೆ."