ಸೊನ್ನೆ-ಸೊನ್ನೆಯ ಶನಿವಾರ

ಆ ಶನಿವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆ ನಮ್ಮದಾಗಿತ್ತು. ಸ್ವೀಡನ್ನಿನ ನಾರ್‌ಶೋಪಿಂಗ್ ಊರಿನ ಈ ಕಟ್ಟಡದಲ್ಲಿ ಎಲ್ಲರಿಗೂ ಸೇರಿ ಎರಡೇ ಮೆಷಿನ್. ಮೊದಲೇ ಹೊತ್ತು ಗೊತ್ತುಮಾಡಿಕೊಂಡಿರಬೇಕು. ಮಗಳ ಫುಟ್‌ಬಾಲ್ ತಂಡದ ಅಂಗಿಗಳನ್ನು ಒಗೆದುಕೊಡುವುದೂ ಆ ವಾರ ನಮ್ಮ ಪಾಳಿ. ಹದಿನಾಲ್ಕು ಹಳದಿ ಅಂಗಿ, ಗೋಲ್‌ಕೀಪರಿನದು ಒಂದೇ ಒಂದು ಹಸಿರು. ಹಸಿರು ಬಣ್ಣ ಬಿಡುತ್ತದೆಂದು ಅದನ್ನು ಹಿಂದಿನ ದಿನವೇ ಬಚ್ಚಲಲ್ಲಿ ಕೈಯಿಂದ ಒಗೆದು ಹರವಿದ್ದೆ. ಅದು ನನ್ನ ಮಗಳದು.

ಒಣಗಿದ ಅಂಗಿಗಳನ್ನು ನಂಬರಿನ ಪ್ರಕಾರ ಮಡಚುತ್ತಿದ್ದೆ. ತೋಳಿಗೆ ತೋಳು, ಅಂಚಿಗೆ ಅಂಚು. ಕಾನ್ವೆಂಟಿನಲ್ಲಿ ಹೊಲಿಗೆಯ ಸಿಸ್ಟರ್ ಹಾಗೆ ಕಲಿಸಿದ್ದರು. ಕೈ ಈಗಲೂ ಅವರ ಮಾತು ಕೇಳುತ್ತದೆ.

ಹತ್ತಕ್ಕೆ ಐದು ನಿಮಿಷವಿರುವಾಗ ಮುಂದಿನ ಸರದಿಯವರು ಬುಟ್ಟಿ ಹಿಡಿದು ಬಂದರು. ನಮ್ಮ ಕೆಳಗಿನ ಮನೆಯ ಅಮೆರಿಕದ ಮುದುಕರು. ಸ್ವೀಡನ್ನಿನವರನ್ನು ಮದುವೆಯಾಗಿ ಇಲ್ಲಿಗೆ ಬಂದವರು, ಹೆಂಡತಿ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ. ನನ್ನನ್ನು ಅವರು ಮ್ಯಾಮ್ ಎನ್ನುತ್ತಾರೆ.

"ಇವತ್ತೂ ಅದೇ ಆಟಾನಾ, ಮ್ಯಾಮ್? ಅಷ್ಟೊತ್ತು ಓಡಿ ಓಡಿ, ಕೊನೆಗೆ ಸೊನ್ನೆ-ಸೊನ್ನೆ ಅಂತ ಕೈಕುಲುಕಿ ಮನೆಗೆ ಹೋಗೋ ಆಟ."

"ನಿಮ್ಮ ದೇಶದವರಿಗೆ ಯಾಕೆ ಇದು ಇಷ್ಟು ತಡವಾಗಿ ಹಿಡಿಸ್ತು?" ಎಂದು ಕೇಳಿದೆ.

ಅವರು ಸೋಪಿನ ಪುಡಿ ಅಳೆದರು. ಹೆಚ್ಚಾಯಿತೆನಿಸಿರಬೇಕು, ಅರ್ಧ ತೆಗೆದು ಡಬ್ಬಿಗೇ ಹಾಕಿದರು.

"ಆಡೋದು ನಮ್ಮ ಮಕ್ಕಳೂ ಆಡ್ತಾರೆ. ಹತ್ತು ಹನ್ನೆರಡು ವರ್ಷದ ತನಕ. ಆಮೇಲೆ ಬಿಡ್ತಾರೆ. ಮನೇಲಿ ಜೊತೆಗೆ ಕೂತು ನೋಡೋ ಅಪ್ಪ ಇರಲ್ಲ, ಅದಕ್ಕೆ. ನಮ್ಮ ಬೇಸ್‌ಬಾಲಲ್ಲಿ ಒಂದು ಎಸೆತ ಆಗಿ ಇನ್ನೊಂದು ಬರೋ ಹೊತ್ತಿಗೆ ಬೇಕಾದಷ್ಟು ಬಿಡುವು. ನಮ್ಮಪ್ಪ ನನ್ನ ಜೊತೆ ಮಾತಾಡಿದ್ದೇ ಆ ಬಿಡುವಿನಲ್ಲಿ. ಮಿಕ್ಕ ದಿನ ಬಾಯಿ ಬಿಡ್ತಿರಲಿಲ್ಲ. ಈ ಆಟದಲ್ಲಿ ಬಿಡುವೆಲ್ಲಿದೆ? ಈಗೀಗ ನಮ್ಮವರೂ ನೋಡ್ತಾರಂತೆ. ನನಗಂತೂ ಹೊತ್ತು ಮೀರಿಹೋಯ್ತು."

ನನ್ನಪ್ಪನ ನೆನಪಾಯಿತು. ರೇಡಿಯೊದಲ್ಲಿ ಕ್ರಿಕೆಟ್ ಕಾಮೆಂಟರಿ ಬರುವಾಗ, ಓವರ್ ಮುಗಿದಾಗಲೆಲ್ಲ ಅವರು ಕಡಲೆಕಾಯಿ ಬಿಡಿಸಿ ನನ್ನ ಅಂಗೈಗೆ ಹಾಕುತ್ತಿದ್ದರು. ನನಗೆ ಹಿಡಿಸಿದ್ದು ಕ್ರಿಕೆಟ್ಟೋ ಆ ಕಡಲೆಕಾಯಿಯೋ, ಇಂದಿಗೂ ಗೊತ್ತಿಲ್ಲ.

ನನ್ನವರಿಗೂ ಕ್ರಿಕೆಟ್ಟೇ. ಆಫೀಸಿನ ನಮ್ಮ ಕಡೆಯವರೆಲ್ಲ ಸೇರಿ ಶನಿವಾರ ಆಡುತ್ತಾರೆ. ಮಗಳ ಪಂದ್ಯವೂ ಶನಿವಾರವೇ. ಮೂರು ವರ್ಷದಲ್ಲಿ ಅವಳ ಒಂದು ಪಂದ್ಯವನ್ನೂ ಅವರು ನೋಡಿರಲಿಲ್ಲ. ಹದಿಮೂರು ತುಂಬಿದ ಹುಡುಗಿಯರಿಗೆ ಇನ್ನು ಮುಂದೆ ವಾರಕ್ಕೆ ನಾಲ್ಕು ದಿನ ಅಭ್ಯಾಸ. ಮುಂದುವರಿಯುತ್ತೀಯೋ ಬಿಡುತ್ತೀಯೋ ಎಂದು ಕೋಚ್ ಕೇಳಿದ್ದರು. ಅಂದಿನ ಪಂದ್ಯ ಮುಗಿದ ಮೇಲೆ, ಸಂಜೆಯೊಳಗೆ ಹೇಳಬೇಕಿತ್ತು. ನನ್ನೊಡನೆ ಅರ್ಧ ಸ್ವೀಡಿಷಿನಲ್ಲೇ ಮಾತಾಡುವವಳು ಆ ವಾರ ಅಪ್ಪನನ್ನು ಪೂರ್ತಿ ಕನ್ನಡದಲ್ಲಿ ಕೇಳಿದ್ದಳು.

"ಅಪ್ಪ, ಇದೊಂದಕ್ಕೆ ಬಾ. ನೀನು ಬಂದು ನೋಡಿದ್ರೆ ನಾನು ಬಿಡಲ್ಲ."

"ಬರ್ತೀನಿ ಪುಟ್ಟಿ. ಹಾಫ್ ಟೈಮ್ ಹೊತ್ತಿಗಂತೂ ಬಂದೇ ಬರ್ತೀನಿ."

ಮಧ್ಯಾಹ್ನ ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತೆ. ಸೆಪ್ಟೆಂಬರಿನ ತೆಳು ಬಿಸಿಲು. ಚೆಂಡು ದೂರ ಹೋದಾಗಲೆಲ್ಲ ಮಗಳು ಗ್ಲೌಸ್ ಸರಿಮಾಡಿಕೊಳ್ಳುವ ನೆಪದಲ್ಲಿ ಕಾರು ನಿಲ್ಲಿಸುವ ಜಾಗದ ಕಡೆ ನೋಡುತ್ತಿದ್ದಳು. ನಾನೂ ಅರ್ಧ ಆಟ ಆ ಕಡೆಯೇ ನೋಡಿದೆ. ಅವಳು ಹಿಡಿದ ಎಷ್ಟೋ ಚೆಂಡುಗಳು ನನ್ನ ಕಣ್ಣಿಗೇ ಬೀಳಲಿಲ್ಲ. ಕೊನೆಯದೊಂದು ಮಾತ್ರ ಕಂಡಿತು. ಮೈಯನ್ನೆಲ್ಲ ಚಾಚಿ ಹಾರಿ, ಬೆರಳ ತುದಿಯಿಂದ ಚೆಂಡನ್ನು ಕಂಬದ ಆಚೆ ತಳ್ಳಿ, ಮೊಣಕೈ ಊರಿಕೊಂಡು ಬಿದ್ದಳು. ಆಟ ಮುಗಿದ ಸೀಟಿ ಕೇಳಿಸಿತು. ಹಳದಿ ಅಂಗಿಯ ಹುಡುಗಿಯರೆಲ್ಲ ಓಡಿಬಂದು ಅವಳನ್ನು ತಬ್ಬಿಕೊಂಡರು. ಅವರ ಭುಜಗಳ ಮೇಲಿಂದ ಅವಳು ಮತ್ತೊಮ್ಮೆ ಆ ಕಡೆ ನೋಡಿದಳು.

ನನ್ನವರು ಮನೆಗೆ ಬಂದಾಗ ನಾಲ್ಕು ದಾಟಿತ್ತು. "ಸಾರಿ ಪುಟ್ಟಿ, ಹುಡುಗ್ರು ಬಿಡ್ಲೇ ಇಲ್ಲ. ಎಷ್ಟಾಯ್ತು?"

"ನೋಲ್-ನೋಲ್," ಎಂದಳು ಸ್ವೀಡಿಷಿನಲ್ಲಿ.

"ಸೊನ್ನೆ-ಸೊನ್ನೆನಾ? ಸದ್ಯ, ಹಾಗಾದ್ರೆ ನಾನೇನೂ ಮಿಸ್ ಮಾಡ್ಕೊಳ್ಳಲಿಲ್ಲ."

ನೋಯಿಸಬೇಕೆಂದು ಆಡಿದ ಮಾತಲ್ಲ. ಮುಖದಲ್ಲಿ ನಿಜವಾಗಿ ಹಗುರಾದ ಭಾವವಿತ್ತು. ಒಂದೂ ಗೋಲು ಬಿಡದ ಗೋಲ್‌ಕೀಪರಿಗೆ ಆ ಸೊನ್ನೆ ಏನೆಂದು ನಾನಾದರೂ ಹೇಳಬಹುದಿತ್ತು. ಒಲೆಯ ಮೇಲಿನ ಹಾಲು ಉಕ್ಕದಂತೆ ಉರಿ ತಗ್ಗಿಸಿದೆ.

ಮಗಳು "ಹೌದಪ್ಪ" ಎಂದಳು, ಅಷ್ಟೇ. ಕೋಣೆಗೆ ಹೋಗಿ ಹಸಿರು ಅಂಗಿ ಕಳಚಿ, ನನ್ನ ಹಾಗೆಯೇ ತೋಳಿಗೆ ತೋಳು ಕೂಡಿಸಿ ಮಡಚಿ, ಚೀಲಕ್ಕೆ ಹಾಕಿ ತಂದಳು. ಅದರ ಮೇಲೆ ಗ್ಲೌಸ್ ಇಟ್ಟಿದ್ದಳು.

"ಅಮ್ಮ, ಇದನ್ನ ಕೋಚ್ ಮನೆಗೆ ಕೊಟ್ಟು ಬರ್ತೀಯಾ? ಗ್ಲೌಸ್ ಬೇರೆ ಯಾರಿಗಾದ್ರೂ ಆಗುತ್ತೆ."

"ಅಂಗಿ ಒಗೆದಿಲ್ಲವಲ್ಲೇ."

"ಪರವಾಗಿಲ್ಲಮ್ಮ."

ಮೊಣಕೈಯ ಹತ್ತಿರ ಹುಲ್ಲಿನ ಕಲೆ ಇನ್ನೂ ಹಸಿಯಾಗಿತ್ತು. ಚೀಲ ಹಿಡಿದು ಮೆಟ್ಟಿಲಿಳಿದೆ. ಕೆಳಗಿನ ಮನೆಯ ಮುದುಕರು ಕಸದ ಚೀಲದೊಂದಿಗೆ ಬಾಗಿಲು ಎಳೆದುಕೊಳ್ಳುತ್ತಿದ್ದರು. ಗ್ಲೌಸಿನ ಮೇಲೆ ಒಮ್ಮೆ ಕಣ್ಣಾಡಿಸಿ, ಬೀಗದ ಕೈ ತಿರುಗಿಸುತ್ತಲೇ ಹೇಳಿದರು:

"ಮಧ್ಯಾಹ್ನ ಅಂಗಡಿಯಿಂದ ಬರ್ತಾ ನಿಮ್ಮ ಮಗಳ ಆಟ ಕಾಣಿಸ್ತು, ಮ್ಯಾಮ್. ಒಂದು ನಿಮಿಷ ಅಂತ ಬೇಲಿ ಹತ್ತಿರ ನಿಂತೆ, ಮುಗಿಯೋ ತನಕ ನಿಂತುಬಿಟ್ಟೆ. ಚೀಲದಲ್ಲಿದ್ದ ಫ್ರೋಜನ್ ಬಟಾಣಿಯ ಮಂಜೆಲ್ಲ ಕರಗಿ ನೀರಾಯ್ತು ನೋಡಿ."